ಪ್ರತಿ ಮಾತೂ ನಿಜ

ನಾಟಕದ ಕರಪತ್ರದ ಮೇಲೆ ‘ಪ್ರತಿ ಮಾತೂ ನಿಜ’ ಎಂದು ಬರೆದವನು ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ದೇಶ ಬಿಟ್ಟು ಓಡಿಬಂದು, ಇಲ್ಲಿ ಉಳಿಯಲು ಅರ್ಜಿ ಹಾಕಿ ಕಾಯುತ್ತಿದ್ದ ಎಂಟು ಜನರನ್ನು ಸೇರಿಸಿಕೊಂಡು ನಮ್ಮ ತಂಡ ನಾಟಕ ಕಟ್ಟುತ್ತಿತ್ತು. ಅವರು ಹೇಳುವುದು, ನಾನು ಬರೆದುಕೊಳ್ಳುವುದು. ಎಲ್ಲರೂ ಅಕ್ಕ ಎನ್ನುತ್ತಿದ್ದ ಹೊಲಿಗೆಯವಳು ಹೇಳಿದ್ದು ಇಷ್ಟೇ: ಸೈನಿಕರು ಬಂದು ಗಂಡನನ್ನು ಎಳೆದೊಯ್ದರು, ಅವಳು ಹಿಂದಿನ ಕೋಣೆಯಲ್ಲಿದ್ದಳು, ಏನೂ ನೋಡಲಿಲ್ಲ. ರಂಗದ ಮೇಲೆ ಇದು ಸಪ್ಪೆ. ಆ ಎಂಟರಲ್ಲಿ ಬೇಕರಿ ಕೆಲಸದವನೊಬ್ಬ ಮಾತ್ರ ತನ್ನ ಅಣ್ಣನನ್ನು ಅಂಗಳದಲ್ಲಿ ಕೊಂದದ್ದನ್ನು ಕಣ್ಣಾರೆ ಕಂಡಿದ್ದ. “ನನ್ನ ಹೆಸರು ಎಲ್ಲೂ ಬರಬಾರದು, ಅಣ್ಣನ ಮಕ್ಕಳು ಇನ್ನೂ ಅಲ್ಲೇ ಇದಾರೆ,” ಎಂದು ಕೈಮುಗಿದಿದ್ದ. ಸರಿ, ಅವನು ಅಂಗಳದಲ್ಲಿ ಕಂಡದ್ದನ್ನು ಅಕ್ಕ ತನ್ನ ಗಂಡನಿಗೇ ಆದದ್ದೆಂದು ಹೇಳುವಂತೆ ಅವಳ ಬಾಯಿಗೆ ಹಾಕಿದೆ. ನಮ್ಮಲ್ಲಿ ಇದೆಲ್ಲ ಮಾಮೂಲು.

“ಅಣ್ಣಾ, ನಾನು ನೋಡೇ ಇಲ್ವಲ್ಲ?”

“ನಾಟಕ ಕಣಮ್ಮ. ಇಷ್ಟೆಲ್ಲ ನಡೆಯತ್ತೆ.”

“ನಿಮಗೆ ನಡೆಯತ್ತೆ,” ಎಂದು ನಕ್ಕಳು. ಆದರೂ ಕಲಿತು ಒಪ್ಪಿಸಿದಳು. ಜನ ಬಿಕ್ಕಿಬಿಕ್ಕಿ ಅತ್ತರು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ನಾನಂತೂ ಉಬ್ಬಿಹೋಗಿದ್ದೆ.

ಅರ್ಜಿಯ ವಿಚಾರಣೆಯ ದಿನ ಅಧಿಕಾರಿಯ ಫೈಲಿನಲ್ಲಿ ಆ ಪತ್ರಿಕೆಯ ತುಣುಕೂ ಇತ್ತು, ನನ್ನ ಕರಪತ್ರವೂ ಇತ್ತು.

“ಅರ್ಜೀಲಿ ನೋಡಿಲ್ಲ ಅಂತೀರಿ, ಸ್ಟೇಜ್ ಮೇಲೆ ನೋಡಿದೆ ಅಂತೀರಿ. ನಾವು ಯಾವುದನ್ನ ನಂಬೋದು?”

ಸಾಕ್ಷಿಗೆಂದು ಹೋಗಿದ್ದ ನಾನು ದಡಬಡಿಸಿ ಎದ್ದೆ. “ಸಾರ್, ಅದು ಇವರ ಕಥೆ ಅಲ್ಲ. ನಾನು ಸೇರಿಸಿದ್ದು.”

“ಪ್ರತಿ ಮಾತೂ ನಿಜ ಅಂತ ಬರೆದಿದೀರಲ್ಲ? ಹಾಗಾದ್ರೆ ಯಾರ ಕಥೆ? ಹೆಸರು ಹೇಳಿ, ವಿಚಾರಿಸೋಣ.”

ಬೇಕರಿಯವನ ಹೆಸರು ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವಳು ಉಳಿಯುತ್ತಿದ್ದಳೇನೋ. ಅಕ್ಕ ನನ್ನ ತೋಳು ಹಿಡಿದು ಕೂರಿಸಿದಳು.

“ಬೇಡ ಅಣ್ಣಾ. ಅಲ್ಲಿ ಮಕ್ಕಳಿದಾವೆ.”

ಅರ್ಜಿ ವಜಾ ಆಯಿತು. ಹದಿನೇಳನೆಯ ದಿನ ಅವಳನ್ನು ವಿಮಾನ ಹತ್ತಿಸಿದರು. ಆಮೇಲೆ ಅವಳ ಸುದ್ದಿಯೇ ಇಲ್ಲ.

ಮುಂದಿನ ವಾರ ನಿರ್ದೇಶಕರು ತಾಲೀಮಿನ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು, “ಪಾಪ, ಅನ್ಯಾಯವಾಯ್ತು. ಆ ವಿಚಾರಣೆ ಇದೆಯಲ್ಲ, ಅದನ್ನೂ ನಾಟಕಕ್ಕೆ ಸೇರಿಸಿಬಿಡು. ಕೊನೇ ದೃಶ್ಯ ಗಟ್ಟಿಯಾಗತ್ತೆ,” ಎಂದರು.

“ಥೂ! ನಿಮಗೆ ಮನುಷ್ಯತ್ವ ಇದೆಯೇನ್ರೀ?” ಎಂದು ಕೂಗಾಡಿ, ಬಾಗಿಲು ದಢಾರನೆ ಹಾಕಿಕೊಂಡು ಹೊರಗೆ ಬಂದೆ.

ಮುಚ್ಚಿಟ್ಟು ಏನು ಪ್ರಯೋಜನ? ಅವರು ಬಾಯಿಬಿಡುವ ಮೊದಲೇ ಆ ದೃಶ್ಯದ ಕೊನೆಯ ಮಾತನ್ನು ನಾನು ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಬೇಡ ಅಣ್ಣಾ, ಅಲ್ಲಿ ಮಕ್ಕಳಿದಾವೆ.