ಹಳಿಯ ಆ ಕಡೆ

"ಇಲ್ಲೇ, ಇಲ್ಲೇ ನಿಲ್ಲಿಸಿ," ಎಂದ ತಮ್ಮ, ಮೊಬೈಲಿನ ನಕ್ಷೆಯಿಂದ ಕಣ್ಣೆತ್ತದೆ.

ಡ್ರೈವರ್ ಶವವಾಹನವನ್ನು ಹಾಸಿಗೆ ಅಂಗಡಿಯ ಮುಂದೆ ತಂದು ನಿಲ್ಲಿಸಿದ. ಟೈಲರಾಗಿದ್ದ ಅಪ್ಪನ ಕೊನೆಯ ಆಸೆ ಅದೊಂದೇ: ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ತಾನು ಹುಟ್ಟಿದ ಮನೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಮನೆ ಬಿದ್ದುಹೋಗಿ ಎಷ್ಟೋ ಕಾಲವಾಗಿತ್ತು. ಅದಿದ್ದ ಜಾಗವನ್ನು ಹುಡುಕಿಕೊಟ್ಟವಳು ಮಗಳು, ಈ ತಮ್ಮನ ಅಕ್ಕ. ಆ ಜಾಗ ಇದಲ್ಲ ಎಂದು ಗೊತ್ತಿದ್ದವಳೂ ಅವಳೊಬ್ಬಳೇ.

ಅಂಗಡಿಯವನು ಶಟರನ್ನು ಅರ್ಧ ಇಳಿಸಿ ಹೊರಗೆ ನಿಂತಿದ್ದ. ಪಕ್ಕದಲ್ಲೊಂದು ಮರದ ಕುರ್ಚಿ. ಅದರ ಮುಖ ಅಂಗಡಿಗೆ, ಬೆನ್ನು ಬೀದಿಯಾಚೆಯ ರೈಲು ಹಳಿಗೆ.

"ಮಾಸ್ಟರ್ ವಾರವಾರ ಬರೋರು," ಎಂದ ಅವನು. "ನಾನು ಕುರ್ಚಿ ಒರೆಸಿ ಇಡ್ತಿದ್ದೆ. 'ನಿನ್ನ ಗಲ್ಲಾ ಇರೋ ಕಡೇನೇ ನಮ್ಮಮ್ಮ ಒಲೆ ಹಚ್ತಿದ್ದಿದ್ದು ಕಣಯ್ಯ, ಅದಕ್ಕೇ ನಿನ್ನ ವ್ಯಾಪಾರ ಇಷ್ಟು ಬಿಸಿ' ಅಂತ ನಗಿಸೋರು."

ತಮ್ಮ ಅಳುತ್ತಲೇ ನಕ್ಕ. ಅಪ್ಪನ ಅಕ್ಕ, ದೊಡ್ಡತ್ತೆ, ಕಿಟಕಿಯಿಂದ ತಲೆ ಹೊರಗೆ ಹಾಕಿ ಸುತ್ತ ನೋಡಿದರು.

"ನನಗೊಂದೂ ಗುರುತು ಸಿಗ್ತಿಲ್ಲ ಕಣೇ. ಹಳಿ ಪಕ್ಕ, ಸೇತುವೆಯಿಂದ ಮೂರನೇ ಮನೆ, ಅಷ್ಟೇ ನೆನಪು. ಓದಿದವಳು ನೀನು. ನೀನು ಹುಡುಕಿದ್ದು ಅಂದ್ಮೇಲೆ ಸರಿಯಾಗೇ ಇರತ್ತೆ ಬಿಡು."

ಮಗಳು ಹಳಿಯ ಕಡೆ ನೋಡಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದೇ ಅವಳನ್ನು ಹಿಂಡುತ್ತಿತ್ತು.

* * *

ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಊರಿನ ಹಳೆಯ ನಕ್ಷೆ ಗ್ರಂಥಾಲಯದಲ್ಲಿ ಸಿಕ್ಕಿತ್ತು. ಹೊರಗೆ ಕೊಡುವುದಿಲ್ಲ ಎಂದರು. ಅಪ್ಪನೇನು ಬಿಡುವ ಆಸಾಮಿಯೇ? ಅಂಗಿಯ ಕಟಿಂಗಿಗೆ ಬಳಸುತ್ತಿದ್ದ, ಗೆರೆ ಎರಡೂ ಕಡೆಯಿಂದ ಕಾಣುವ ತೆಳು ಬಟರ್ ಪೇಪರನ್ನೇ ಒಯ್ದು, ಹಳಿ, ಸೇತುವೆ, ತನ್ನ ತಂದೆಯ ಹೆಸರಿದ್ದ ಮನೆ, ಮೂರನ್ನೂ ಪೆನ್ಸಿಲಿನಲ್ಲಿ ಇಳಿಸಿಕೊಂಡು ಬಂದಿದ್ದ. ಮನೆಯಿದ್ದಲ್ಲಿ ಹೆಸರಿಲ್ಲ, ಬರೀ ಒಂದು ಕತ್ತರಿ ಗುರುತು. ನಾಲ್ಕು ವರ್ಷದವನಿದ್ದಾಗ ಬಿಟ್ಟ ಮನೆ ಅದು.

ಅವಳು ಲ್ಯಾಪ್‌ಟಾಪಿನಲ್ಲಿ ಈಗಿನ ನಕ್ಷೆ ತೆರೆದು, ಹಿಗ್ಗಿಸಿ ಕುಗ್ಗಿಸಿ, ಕಾಗದವನ್ನು ಪರದೆಯ ಮೇಲೆ ಹಿಡಿದಳು. ಹಳಿಯ ಮೇಲೆ ಹಳಿ ಕೂತಿತು, ಸೇತುವೆಯ ಮೇಲೆ ಸೇತುವೆ. ಕತ್ತರಿ ಗುರುತು ಹಾಸಿಗೆ ಅಂಗಡಿಯ ಮೇಲೆ ಬಿತ್ತು.

"ಇನ್ನೊಂದ್ಸಲ ಇಟ್ಟು ನೋಡೋಣ್ವೇನಮ್ಮಾ?"

"ಎಷ್ಟು ಸಲ ನೋಡ್ತೀಯಪ್ಪಾ, ನನಗೆ ಬೇರೆ ಕೆಲಸ ಇಲ್ವಾ?"

ಅಪ್ಪ ಅಂಗಡಿಗೆ ಬಂದ ಗಿರಾಕಿಯಂತೆ ಥ್ಯಾಂಕ್ಸ್ ಹೇಳಿ ಎದ್ದ.

ಕಳೆದ ವರ್ಷ ಗ್ರಂಥಾಲಯದವರು ಆ ನಕ್ಷೆಯನ್ನು ಆನ್‌ಲೈನಿನಲ್ಲಿ ಹಾಕಿದರು. ಅವಳು ಸುಮ್ಮನೆ ತೆರೆದು ನೋಡಿದಳು. ತಾತನ ಹೆಸರು ಹಳಿಯ ಆ ಕಡೆ ಇತ್ತು. ಬಟ್ಟೆಗೆ ಒಳಮೈ ಹೊರಮೈ ಇರುತ್ತದೆಂದು ಅಕ್ಷರಕ್ಕೆ ಮುಂಚೆ ಕಲಿತಿದ್ದ ಟೈಲರನ ಮಗಳು ಕಾಗದವನ್ನು ಮಗುಚಿ ಹಿಡಿದಿದ್ದಳು.

ತಕ್ಷಣ ಫೋನ್ ಮಾಡಿದಳು. "ಇವತ್ತು ನಮ್ಮನೆ ಕಡೆ ಹೋಗಿದ್ದೆ ಕಣಮ್ಮಾ," ಎಂದು ಅಪ್ಪ ಶುರು ಮಾಡಿದ. ಅವಳು ಮಾತ್ರೆ ತಗೊಂಡ್ಯಾ ಎಂದು ಕೇಳಿ ಫೋನ್ ಇಟ್ಟಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇವಳ ನಾಳೆಯಿಂದ ಹಾಳಾದದ್ದು ಅಪ್ಪನ ಮನೆ.

* * *

"ಹೊರಡೋಣ್ವಾ?" ಎಂದ ಡ್ರೈವರ್.

"ತಾಳಿ," ಎಂದಳು ಅವಳು. "ಇದಲ್ಲ ಜಾಗ. ಹಳಿಯ ಆ ಕಡೆ. ನಾನೇ ಕಾಗದ ಉಲ್ಟಾ ಹಿಡಿದಿದ್ದೆ. ಗೊತ್ತಾಗಿ ಒಂದು ವರ್ಷ ಆಯ್ತು."

ತಮ್ಮ ಅವಳ ಮುಖವನ್ನೇ ನೋಡಿದ. "ನೀನು ಬಾಯಿ ಬಿಡೋಕೆ ಅಪ್ಪ ಸಾಯಲೇಬೇಕಿತ್ತಾ ಅಕ್ಕಾ?"

ಅಂಗಡಿಯವನು ಒಮ್ಮೆ ಕುರ್ಚಿಯನ್ನು, ಒಮ್ಮೆ ಹಳಿಯನ್ನು ನೋಡಿದ. "ಹಾಗಾದ್ರೆ ಮಾಸ್ಟರ್ ಇಷ್ಟು ದಿನ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಆಮೇಲೆ ಬೈಯುವಿರಂತೆ," ಎಂದರು ದೊಡ್ಡತ್ತೆ. "ಗಾಡಿ ತಿರುಗಿಸಪ್ಪಾ."

ಸೇತುವೆ ಸುತ್ತಿ ಆ ಕಡೆ ಹೋದಾಗ ಅಲ್ಲಿ ತಂತಿಬೇಲಿ ಹಾಕಿದ ಖಾಲಿ ಜಾಗವಿತ್ತು. ಒಳಗೆ ಆಳೆತ್ತರದ ಹುಲ್ಲು, ಸವೆದ ಟೈರುಗಳ ರಾಶಿ. ಅಪ್ಪನನ್ನು ಬಲ್ಲವರು ಒಬ್ಬರೂ ಇರಲಿಲ್ಲ. ದೊಡ್ಡತ್ತೆ ಇಳಿದು ಹಳಿಯ ಕಡೆ ತಿರುಗಿ ನಿಂತರು.

"ಇದೇ," ಎಂದರು. "ಸಂಜೆ ರೈಲಿನ ಹಿಂದೆ ಹೊತ್ತು ಮುಳುಗ್ತಿತ್ತು. ರೈಲೇ ಸೂರ್ಯನ್ನ ಕದ್ದುಕೊಂಡು ಹೋಯ್ತು ಅಂತ ಅಳ್ತಿದ್ದ ನನ್ನ ತಮ್ಮ."

ಮಗಳು ವಾಹನದ ಹಿಂಬಾಗಿಲು ತೆರೆದು ಅಪ್ಪನ ಪಾದದ ಮೇಲೆ ಕೈಯಿಟ್ಟಳು. "ಮನೆ ಬಂತಪ್ಪಾ," ಎಂದಳು. ತಮ್ಮ ದೂರದಲ್ಲೇ ನಿಂತಿದ್ದ.

ಹಳಿ ದಾಟುವ ಕಾಲುಸೇತುವೆಯ ಮೆಟ್ಟಿಲುಗಳ ಮೇಲಿಂದ ಯಾರೋ ಏದುಸಿರು ಬಿಡುತ್ತ ಇಳಿದು ಬರುತ್ತಿದ್ದರು. ಹಾಸಿಗೆ ಅಂಗಡಿಯವನು. ತಲೆಯ ಮೇಲೆ ಮರದ ಕುರ್ಚಿ. ಅದನ್ನು ಬೇಲಿಯ ಬಳಿ ಇಳಿಸಿದ, ಹುಲ್ಲಿನ ಕಡೆ ಮುಖ ಮಾಡಿಟ್ಟ. ಆಮೇಲೆ ಹೆಗಲ ಮೇಲಿನ ಬಟ್ಟೆ ತೆಗೆದು, ವಾರವಾರ ಒರೆಸುತ್ತಿದ್ದಂತೆಯೇ ಕುರ್ಚಿಯನ್ನು ಒರೆಸತೊಡಗಿದ.