ತಡವಾಗಿ ಬಿದ್ದ ಪೆಟ್ಟು

"ಇನ್ನೂ ಸ್ವಲ್ಪ ಎಳಿ ಮಾರಾಯ, ಆ ಮೂಲೆ ಜೋತು ಬಿದ್ದಿದೆ," ಎಂದ ಶೇಖರ.

ಅಲೋಶಿಯಸ್ ಹಗ್ಗವನ್ನು ತೆಂಗಿನ ಮರಕ್ಕೆ ಬಿಗಿದ. ಕಾಪುವಿನ ಕಡಲ ಬದಿಯ ಓಣಿಯ ತಿರುವಿನಲ್ಲಿ ಆರಡಿಯ ಫ್ಲೆಕ್ಸು ನಿಂತಿತು. ಅದರಲ್ಲಿ ಶೀನ ನಗುತ್ತಿದ್ದ, ಕೈಯಲ್ಲಿ ಡ್ರಮ್ಮಿನ ಕೋಲುಗಳು. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ 'ತೂಫಾನ್ ಬ್ಯಾಂಡ್'. ನಡುವೆ ಕೆಂಪಕ್ಷರದಲ್ಲಿ ಒಂದು ಸಾಲು: 'ಮೂವತ್ತು ವರ್ಷದ ಮೇಲೂ ಶೀನನ ಕೈ ಗಡಿಯಾರದ ಹಾಗೆ ನಡೆಯುತ್ತದೆ.'

"ಈ ಸಾಲು ಯಾಕೆ ಹಾಕಿಸಿದೆ?"

"ಎಂತ ಕೇಳ್ತೀಯ! ನಮ್ಮ ಹೊಸ ಆಲ್ಬಂ ಬಗ್ಗೆ ಬೆಂಗಳೂರಿನ ವಿಮರ್ಶಕರು ಬರೆದದ್ದಲ್ವಾ? ನಿನ್ನ ಸ್ವರಕ್ಕೆ ವಯಸ್ಸಾಯ್ತು ಅಂತ ಬರೆದಿದ್ದಾರೆ. ನನ್ನ ಗಿಟಾರಿನ ಬಗ್ಗೆ ಅರ್ಧ ಸಾಲೂ ಇಲ್ಲ. ಹೊಗಳಿದ್ದು ಅವನೊಬ್ಬನನ್ನೇ. ಹೋಗುವ ಮೊದಲು ಓದಿದನಲ್ಲ, ಅಷ್ಟು ಪುಣ್ಯ." ಶೇಖರ ಬೆಳಿಗ್ಗೆಯೇ ಹಿರಿಯಡ್ಕದ ಅಂಗಡಿ ತೆಗೆಸಿ ಅದನ್ನು ಪ್ರಿಂಟ್ ಹಾಕಿಸಿ ತಂದಿದ್ದ.

ಆ ಕೈ ಶೀನನದ್ದಲ್ಲ ಎಂದು ಬಲ್ಲವರು ಇಬ್ಬರೇ, ಅಲೋಶಿಯಸ್ ಮತ್ತು ಮಣಿಪಾಲದ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮಾಡುವ ಡ್ಯಾರಿಲ್. ಶೀನನಿಗೂ ಗೊತ್ತಿತ್ತೇ? ಬೋಟಿನ ಎಂಜಿನ್ ಬಿಚ್ಚುತ್ತಿದ್ದಾಗಲೇ ಅವನ ಹೃದಯ ನಿಂತಿತೆಂದು ನಿನ್ನೆ ಮಧ್ಯಾಹ್ನ ಫೋನು ಬಂದಾಗಿನಿಂದ ಆ ಪ್ರಶ್ನೆ ಅಲೋಶಿಯಸನ ಬೆನ್ನು ಬಿಟ್ಟಿರಲಿಲ್ಲ. ಇನ್ನು ಕೇಳೋಣವೆಂದರೆ ಯಾರನ್ನು ಕೇಳುವುದು?

*

ಕಾಲೇಜಿನ ಕಾರ್ಯಕ್ರಮಕ್ಕೆ ಡ್ರಮ್ಮಿನವನು ಸಿಗದೆ ಒದ್ದಾಡುತ್ತಿದ್ದ ಕಾಲ. ದಡದಲ್ಲಿ ಬಲೆ ಎಳೆಯುವವರಿಗೆ ಸೀಮೆಎಣ್ಣೆ ಡಬ್ಬ ಬಡಿದು ತಾಳ ಕೊಡುತ್ತಿದ್ದ ಶೀನನನ್ನು ಕಾರ್ಕಳದ ಈ ಅಲೋಶಿಯಸನೇ ಹಿಡಿದು ಮಣಿಪಾಲಕ್ಕೆ ಕರೆದೊಯ್ದಿದ್ದ. ಅಲ್ಲಿಂದ ಮೂವತ್ತು ವರ್ಷ ಆ ತಾಳದ ಮೇಲೆ ಇವನು ಹಾಡಿದ.

ಹನ್ನೆರಡು ವರ್ಷ ಆಲ್ಬಂ ಮಾಡದೆ ಇದ್ದವರು ಕಳೆದ ಮಳೆಗಾಲದಲ್ಲಿ ಹೊಸತಕ್ಕೆ ಕೂತರು. ಹೆಸರು 'ಇಳಿತ'. ಶೀನ ಎಂಜಿನ್ ರಿಪೇರಿ ಮುಗಿಸಿ, ಕೈಯ ಗ್ರೀಸು ತೊಳೆದು, ಬಸ್ಸು ಹಿಡಿದು ಸ್ಟುಡಿಯೋಗೆ ಬರುತ್ತಿದ್ದ. ಐವತ್ತೆಂಟರ ಕೈ ನಡುಗುತ್ತಿತ್ತು. ಪೆಟ್ಟು ಬೀಳಬೇಕಾದಲ್ಲಿ ಬೀಳದೆ ಕೂದಲೆಳೆಯಷ್ಟು ತಡವಾಗುತ್ತಿತ್ತು. "ಇನ್ನೊಂದು ಸಲ ನೋಡುವ," ಎಂದು ಅವನೇ ಹೇಳುತ್ತಿದ್ದ, ಹನ್ನೊಂದನೆಯ ಸಲವೂ.

ಅವನು ಬಸ್ಸು ಹತ್ತಿದ ಮೇಲೆ ಅಲೋಶಿಯಸ್ ಡ್ಯಾರಿಲನಿಗೆ, "ತೆಗೆದುಬಿಡು," ಎಂದ. ಒಂಬತ್ತು ಹಾಡುಗಳಲ್ಲಿ ಶೀನನ ಜಾಗಕ್ಕೆ ಕಂಪ್ಯೂಟರಿನ ಪೆಟ್ಟು ಬಂತು. ಕೊನೆಯ ಹಾಡು 'ಲೈಟ್‌ಹೌಸ್' ಮಾತ್ರ ಉಳಿಯಿತು. ಅದನ್ನು ಶೀನನ ಮನೆಯ ಹಿಂದೆ ಬಲೆ ಇಡುವ ಶೆಡ್ಡಿನಲ್ಲಿ, ಒಂದೇ ಮೈಕಿನ ಮುಂದೆ ಎಲ್ಲರೂ ಕೂತು ಹಾಡಿ ಬಾರಿಸಿದ್ದರು. ಡ್ರಮ್ಮನ್ನು ಹಾಡಿನಿಂದ ಬಿಡಿಸಲು ಡ್ಯಾರಿಲನಿಗೆ ಆಗಲಿಲ್ಲ.

ಬಿಡುಗಡೆಗೆ ಮೊದಲು ಅಲೋಶಿಯಸ್ ಶೀನನನ್ನು ಕಾರಿನಲ್ಲಿ ಕೂರಿಸಿ ಎಲ್ಲವನ್ನೂ ಕೇಳಿಸಿದ. ಶೀನ ಕಣ್ಣುಮುಚ್ಚಿ ಕೇಳಿದ.

"ಎಷ್ಟು ಚಂದ ಬಾರಿಸಿದ್ದೇನೆ, ಅಲ್ವಾ ಅಲೋಶಿ?"

"ಹೌದು," ಎಂದಿದ್ದ ಅಲೋಶಿಯಸ್. ಶೀನ ಬಾಗಿಲು ತೆಗೆದು ಇಳಿದು ಹೋಗಿದ್ದ.

*

ಜಗಲಿಯಲ್ಲಿ ಶೀನನನ್ನು ಮಲಗಿಸಿದ್ದರು. ತಲೆಯ ಬಳಿ ತೆಂಗಿನಕಾಯಿಯ ಹೋಳಿನಲ್ಲಿ ದೀಪ. ಅಲೋಶಿಯಸ್ ತುಳಸಿ ಎಲೆಯಿಂದ ಅವನ ತುಟಿಗೆ ನೀರು ಬಿಟ್ಟು ಕೈ ಮುಟ್ಟಿದ. ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಇತ್ತು. ಆ ಕೈ ಈಗ ನಡುಗುತ್ತಿರಲಿಲ್ಲ. ಅದನ್ನು ನೋಡಿ ಅಲೋಶಿಯಸನಿಗೆ ಹೆದರಿಕೆಯೇ ಆಯಿತು.

"ಅಲೋಶಿಯಣ್ಣ," ಎಂದು ಶೀನನ ಹೆಂಡತಿ ಕಮಲ ಮೆಲ್ಲಗೆ ಕರೆದಳು. "ಹೊರಗಿನ ಆ ಫ್ಲೆಕ್ಸ್ ಇಳಿಸಿಬಿಡಿ. ಅದರಲ್ಲಿ ಬರೆದದ್ದು ಇವರ ಬಗ್ಗೆ ಅಲ್ಲ."

ಅವಳು ದೇವರ ಫೋಟೋದ ಹಿಂದಿನಿಂದ ಮಡಚಿದ ಒಂದು ಕಾಗದ ತೆಗೆದು ಕೊಟ್ಟಳು.

"ಆ ವಿಮರ್ಶೆ. ಮಗಳು ದೀಕ್ಷಿತಾ ಪ್ರಿಂಟ್ ತೆಗೆದು ತಂದಳು. ಇವರು ಓದಿ ಪೆನ್ನು ಕೇಳಿದರು."

ಗಡಿಯಾರದ ಸಾಲಿಗೆ ಶೀನ ಪೆನ್ನೇ ತಾಗಿಸಿರಲಿಲ್ಲ. ಗೆರೆ ಇದ್ದದ್ದು ಪುಟದ ತುದಿಯಲ್ಲಿ, ಎರಡೆರಡು ಸಲ, ಡೊಂಕು ಡೊಂಕಾಗಿ ಎಳೆದ ಗೆರೆ: 'ಕೊನೆಯ ಹಾಡಿನಲ್ಲಿ ಮಾತ್ರ ಡ್ರಮ್ಮು ಹಿಂದೆ ಬೀಳುತ್ತದೆ. ಯಾರೋ ಮುದುಕ ಬಾಗಿಲು ತಟ್ಟುತ್ತಿರುವಂತಿದೆ. ಇದನ್ನೇಕೆ ತಿದ್ದದೆ ಬಿಟ್ಟರೋ!'

"'ನೋಡು, ಇದೊಂದು ನಾನೇ' ಅಂತ ನಗಾಡಿದರು," ಎಂದಳು ಕಮಲ. "ಮತ್ತೆ ದಿನಾ ಅದೊಂದನ್ನೇ ಹಾಕಿಸಿ ಕೇಳಿದರು."

"ನನ್ನ ಮೇಲೆ ಕೋಪ ಇತ್ತಾ, ಕಮಲಕ್ಕ?"

"ನನಗೆ ಗೊತ್ತಾದದ್ದು ಅಲೋಶಿಗೆ ಹೇಳಬೇಡ, ಅವನಿಗೆ ಬೇಜಾರಾದೀತು ಅಂದಿದ್ದರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ನಾನು ಹೇಳಿಬಿಟ್ಟೆ."

ಅಲೋಶಿಯಸ್ ಓಣಿಗೆ ಹೋಗಿ ಹಗ್ಗ ಬಿಚ್ಚತೊಡಗಿದಾಗ ಶೇಖರ ಓಡಿ ಬಂದ.

"ಎಂತ ಮಾಡ್ತಾ ಇದ್ದೀಯ? ಹುಚ್ಚು ಉಂಟಾ ನಿಂಗೆ?"

"ಆ ಒಂಬತ್ತು ಹಾಡು ಅವನು ಬಾರಿಸಿದ್ದಲ್ಲ ಶೇಖರ. ಅವನದ್ದನ್ನು ನಾನೇ ತೆಗೆಸಿದ್ದು."

ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಶೇಖರ ಹೋಗಿ ಇನ್ನೊಂದು ಮರದ ಗಂಟು ಬಿಚ್ಚಿದ.

*

ಕಡಲ ಬದಿಯ ಸ್ಮಶಾನದಲ್ಲಿ ಒಬ್ಬಳೇ ಮಗಳು ದೀಕ್ಷಿತಾ ಬೆಂಕಿ ಕೊಟ್ಟಳು. ಸೌದೆ ಹತ್ತಿಕೊಂಡ ಮೇಲೆ ಮೊಬೈಲನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು 'ಲೈಟ್‌ಹೌಸ್' ಹಾಕಿದಳು.

"ಅಪ್ಪನಿಗೆ ಇದೇ ಇಷ್ಟ," ಎಂದಳು, ಯಾರೂ ಕೇಳದಿದ್ದರೂ.

ಹಾಡಿನಲ್ಲಿ ಅಲೋಶಿಯಸನ ಸ್ವರ ಸಾಲು ಮುಗಿಸಿ ನಿಂತಿತು. ಪೆಟ್ಟು ಬೀಳಬೇಕಾದ ಜಾಗ ಬಂತು, ದಾಟಿತು. ಗೋಡೆಗೆ ಒರಗಿದ್ದ ಅಲೋಶಿಯಸ್ ಬೆರಳನ್ನು ಎತ್ತಿ ಹಿಡಿದು ಕಾಯುತ್ತಿದ್ದ. ಆಮೇಲೆ, ಆ ಕಡೆಯಿಂದ ಯಾರೋ ತಟ್ಟಿದ ಹಾಗೆ, ಅದು ಬಂತು. ಅವನ ಬೆರಳೂ ಅದರ ಜೊತೆಗೇ ಗೋಡೆಗೆ ಬಿತ್ತು.