ಆಸ್ಪತ್ರೆ ಬ್ಯಾಗು ಪ್ರವಾಸಕ್ಕೆ ಹೊರಟದ್ದು

ವನಜಾಕ್ಷಿ ಕಾವಲಿಯ ಮೇಲೆ ದೋಸೆ ಹುಯ್ದು, ಇನ್ನೇನು ಅಂಚಿಗೆ ಎಣ್ಣೆ ಬಿಡಬೇಕು, ಅಷ್ಟರಲ್ಲಿ ಫೋನು ಬಂತು. ಆ ಕಡೆ ಅವಳ ಗಂಡ ಪ್ರಸಾದ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕೇಳಿಸಿಕೊಂಡಳು. "ಹೌದಾ? ನಿಜವಾಗ್ಲೂ ರಜ ಕೊಟ್ರಾ?" ಎಂದು ಮೆಲ್ಲಗೆ ಕೇಳಿದಳು. ಆಮೇಲೆ ದೋಸೆಯನ್ನು ಮರೆತೇಬಿಟ್ಟಳು. ಹಿಟ್ಟಿನ ಕೈಯಲ್ಲೇ ಸ್ಟೂಲು ಎಳೆದುಕೊಂಡು ಹತ್ತಿ, ಅಟ್ಟದ ಮೇಲಿಂದ ನನ್ನನ್ನು ಇಳಿಸಿದಳು. ನನ್ನ ಜೊತೆ ಒಂದಿಷ್ಟು ಧೂಳೂ ಒಂದು ಹಲ್ಲಿಮೊಟ್ಟೆಯ ಚಿಪ್ಪೂ ಉದುರಿದವು.

ಸೀದ ವಾಸನೆಗೆ ಮಗಳು ಇಂಪನ ಒಳಗೆ ಬಂದಳು. ಒಂಬತ್ತು ವರ್ಷದ ಹುಡುಗಿ. ತಟ್ಟೆ ಹಿಡಿದು ಬಂದವಳು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ಏನೂ ಕೇಳಲಿಲ್ಲ. ಸೀದ ದೋಸೆಯನ್ನೇ ತಟ್ಟೆಗೆ ಹಾಕಿಕೊಂಡು ಹೊರಗೆ ಹೋದಳು.

ನಾನು ಒಂದು ಏರ್‌ಬ್ಯಾಗು. ಬಣ್ಣ ಒಂದು ಕಾಲಕ್ಕೆ ಕೆಂಪು, ಈಗ ಹಳೆಯ ಇಟ್ಟಿಗೆಯದು. ಈ ಮನೆಯಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಆಸ್ಪತ್ರೆ ಬ್ಯಾಗು ಎಂದು. ನಾನು ಅಟ್ಟದಿಂದ ಇಳಿದೆನೆಂದರೆ ಇಂಪನಳನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ಉಳಿದವರೆಲ್ಲ ಹೊರಟರು ಎಂದೇ ಅರ್ಥ. ಈ ಸಲ ಹಾಗಲ್ಲ. ಈ ಸಲ ಹೊರಟಿರುವುದೇ ಅವಳಿಗಾಗಿ. ಅದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹೇಳೋಣವೆಂದರೆ ನನ್ನ ಬಾಯಿ ಬೇರೆಯವರು ತೆರೆದರೆ ಮಾತ್ರ ತೆರೆಯುವಂಥದ್ದು.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಗಲ್ಲಿಯಲ್ಲಿ, ಮಹಡಿ ಮೇಲಿನ ಸಣ್ಣ ಕೋಣೆಯಲ್ಲಿ. ಜಬೀವುಲ್ಲಾ ಎಂಬ ದರ್ಜಿ ನನ್ನನ್ನು ಹೊಲಿದ. ಅಡಿಗೆ ಗಟ್ಟಿ ರಟ್ಟು ಹಾಕಿದ, ಪಕ್ಕಕ್ಕೆ ಎರಡು ಜೇಬು ಇಟ್ಟ, ಒಳಗೆ ಯಾರಿಗೂ ಕಾಣದ ಹಾಗೆ ಇನ್ನೊಂದು ಜೇಬು ಇಟ್ಟ. ಹಿಡಿಯನ್ನು ಎರಡೆರಡು ಸಲ ಹೊಲಿದು, ಎಳೆದು ನೋಡಿ, ಪಕ್ಕದ ರಾಶಿಯ ಮೇಲೆ ಎಸೆದ. ಕೆಲವು ದಿನಗಳಲ್ಲಿ ನಾನು ತಿಪಟೂರಿನ ಬಸ್‌ಸ್ಟ್ಯಾಂಡಿನೆದುರು ಒಂದು ಅಂಗಡಿಯ ಕೊಕ್ಕೆಯಲ್ಲಿ ನೇತಾಡುತ್ತಿದ್ದೆ. ಜನರ ತಲೆಗಳನ್ನು ನಾನು ಮೇಲಿನಿಂದ ನೋಡಿದ್ದು ಆಗ ಮಾತ್ರ. ಆಮೇಲಿನ ನನ್ನ ಬದುಕೆಲ್ಲ ಪಾದಗಳ ಮಟ್ಟದ್ದು.

ನನ್ನನ್ನು ಕೊಂಡವರು ವನಜಾಕ್ಷಿಯ ತಂದೆ ಗಂಗಾಧರಯ್ಯ. ಅವರ ಜೊತೆ ಶ್ರೀಶೈಲಕ್ಕೆ ಹೋಗಿ ಬಂದೆ. ಪಂಚೆ, ವಿಭೂತಿ ಗಟ್ಟಿ, ಚಟ್ನಿಪುಡಿ ಡಬ್ಬಿ, ಅಷ್ಟೇ ಹೊರೆ. ಮುಂದಿನ ವರ್ಷ ವನಜಾಕ್ಷಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ನನ್ನನ್ನು ಅವಳ ಕೈಗೆ ಕೊಟ್ಟರು. ಆವತ್ತು ನನ್ನ ತುಂಬ ಇಂಪನಳ ಸಾಮಾನೇ: ಹಳೇ ಸೀರೆ ಹರಿದು ಮಾಡಿದ ಬಟ್ಟೆಗಳು, ಕುಲಾವಿ, ಬಜೆಬೇರು, ಎಣ್ಣೆ ಬಾಟಲಿ. ತಾಯಿಗೆ ಒಂದು ಸೀರೆ ಇಡಲೂ ಜಾಗ ಉಳಿದಿರಲಿಲ್ಲ.

ಇಂಪನ ಕೂರುವಷ್ಟು ದೊಡ್ಡವಳಾದ ಮೇಲೆ ನಾನು ಅವಳ ಬಸ್ಸಾದೆ. ಪ್ರಸಾದನಿಗೆ ಕೊಬ್ಬರಿ ಮಂಡಿಯಲ್ಲಿ ತೂಕ ನೋಡುವ ಕೆಲಸ. ಸಂಜೆ ಮೈಯೆಲ್ಲ ಕೊಬ್ಬರಿ ವಾಸನೆ ಹೊತ್ತು ಬಂದವನು ಮಗಳನ್ನು ನನ್ನೊಳಗೆ ಕೂರಿಸಿ ನಡುಮನೆಯಲ್ಲೆಲ್ಲ ಎಳೆಯುತ್ತಿದ್ದ. "ಅರಸೀಕೆರೆ, ಕಡೂರು, ಬೀರೂರು! ಯಾರ್ರೀ ಇಳಿಯೋರು?" ಅವಳು ಇಳಿಯುತ್ತಲೇ ಇರಲಿಲ್ಲ.

ಆಮೇಲೆ ಸುಮುಖ ಹುಟ್ಟಿದ. ಮಗುವಿನ ಹೃದಯದಲ್ಲಿ ಸಣ್ಣ ತೂತಿದೆ ಎಂದರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಓಡಾಟ ಶುರುವಾಯಿತು. ಅಲ್ಲಿ ನನ್ನ ಜಾಗ ಮಂಚದ ಕೆಳಗೆ. ನರ್ಸುಗಳ ಬಿಳಿ ಬೂಟು, ಉಂಗುಷ್ಠ ಕಿತ್ತ ಪ್ರಸಾದನ ಚಪ್ಪಲಿ, ನಿಂತೂ ನಿಂತೂ ಊದಿದ ವನಜಾಕ್ಷಿಯ ಕಾಲು, ಇಷ್ಟೇ ನನಗೆ ಕಾಣುತ್ತಿದ್ದ ಲೋಕ. ಒಂದು ಸಲ ಅವಸರದಲ್ಲಿ ಇಂಪನಳ ಹಳದಿ ಫ್ರಾಕೊಂದು ನನ್ನೊಳಗೆ ಸೇರಿಕೊಂಡು ಬಂದಿತ್ತು. ವನಜಾಕ್ಷಿ ಟವೆಲು ತೆಗೆಯಲು ಬಗ್ಗಿದವಳು ಅದನ್ನು ಕಂಡು ಹಾಗೇ ಕೂತಳು. ಫ್ರಾಕನ್ನು ಮುಖಕ್ಕೆ ಒತ್ತಿಕೊಂಡಳು. "ಆ ಮಗೂಗೆ ಹಲ್ಲು ಬಿತ್ತಂತೆ ಕಣ್ರೀ. ನಾನು ನೋಡೋದಕ್ಕೇ ಇಲ್ಲ," ಎಂದಳು. ಪ್ರಸಾದನ ಚಪ್ಪಲಿ ಕಿಟಕಿಯ ಕಡೆ ತಿರುಗಿತು.

ಊರಿಂದ ಹೊರಡುವಾಗ ಅವಳು ನನ್ನನ್ನು ಎತ್ತಿ "ಅಬ್ಬಾ, ಏನು ಭಾರ" ಎನ್ನುವಳು. ಒಳಗಿದ್ದದ್ದು ಎರಡು ಸೀರೆ, ಮಗುವಿನ ಬಟ್ಟೆ. ಅಷ್ಟೇನೂ ಭಾರವಿರುತ್ತಿರಲಿಲ್ಲ.

ಮೊದಲ ಸಲ ಆಪರೇಷನ್ನಿಗೆಂದು ಹೊರಟ ದಿನದ ಒಂದು ಮಾತು ಹೇಳಲೇಬೇಕು. ಇಂಪನ ಆಗ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಗೇಟಿನ ತನಕ ಓಡಿಬಂದು, "ಅಮ್ಮಾ, ಎಲ್ಲಿಗೆ ಹೋಗ್ತಿದೀಯ?" ಎಂದು ಕೂಗಿದಳು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂಬ ನಂಬಿಕೆ ಎಲ್ಲರಿಗೂ ಗೊತ್ತಿರುವಂಥದ್ದೇ. ಮೊದಲೇ ಜೀವ ಕೈಯಲ್ಲಿ ಹಿಡಿದಿದ್ದ ವನಜಾಕ್ಷಿ ಗದರಿಬಿಟ್ಟಳು. "ಹೊರಡೋವಾಗ ಎಲ್ಲಿಗೆ ಅಂತ ಕೇಳಬಾರ್ದು ಅಂತ ಗೊತ್ತಾಗಲ್ವೇನೇ ನಿಂಗೆ?" ಎಲ್ಲರೂ ಒಳಗೆ ಬಂದು ಕೂತು, ಒಂದೊಂದು ಗುಟುಕು ನೀರು ಕುಡಿದು, ಮತ್ತೆ ಹೊರಟೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗುವಿಗೆ ಜ್ವರ ಬಂದಿತ್ತು. ಆಪರೇಷನ್ ಮುಂದಕ್ಕೆ ಹೋಯಿತು.

ಇಂಪನಳಿಗೆ ಯಾರೂ ಏನೂ ಅನ್ನಲಿಲ್ಲ. ಆದರೆ ದೊಡ್ಡವರು ಮಾತಾಡಿಕೊಂಡದ್ದನ್ನು ಅವಳು ಕೇಳಿದ್ದಳು. ಅದಾದ ಮೇಲೆ ಮನೆಯಿಂದ ಹೊರಟ ಯಾರನ್ನೂ, ಮಂಡಿಗೆ ಹೋಗುವ ಅಪ್ಪನನ್ನೂ, ಅವಳು ಏನೂ ಕೇಳಿದ್ದಿಲ್ಲ. ಹುಡುಗಿ ಎಷ್ಟು ಒಳ್ಳೆಯದು, ಹಟವೇ ಇಲ್ಲ ಎಂದು ಬೀದಿಯವರು ಹೊಗಳುತ್ತಿದ್ದರು. ಹೊಗಳಿಕೆ ಕೇಳಿ ವನಜಾಕ್ಷಿ ನೆಲ ನೋಡುತ್ತಿದ್ದಳು.

ಒಂದೇ ಒಂದು ಆಸೆ ಇಂಪನ ಬಾಯಿಬಿಟ್ಟು ಹೇಳಿದ್ದು. ಒಂದನೇ ಕ್ಲಾಸಿನಲ್ಲಿದ್ದಾಗ ಬಸ್ಸಿನ ಹಿಂದೆ ಅಂಟಿಸಿದ ಚಿತ್ರ ಕಂಡಳು. ನೀಲಿ ಕೊಳವೆಯೊಳಗಿಂದ ಮಕ್ಕಳು ಜಾರಿ ನೀರಿಗೆ ಬೀಳುತ್ತಿದ್ದ ಚಿತ್ರ. ಆಟದ ಪಾರ್ಕಿನದು. "ಪಾಪು ಹುಷಾರಾಗ್ಲಿ, ಯುಗಾದಿ ಆದ್ಮೇಲೆ ಹೋಗೋಣ," ಎಂದಳು ತಾಯಿ. ಯುಗಾದಿಯ ಮಾರನೇ ದಿನ ಸುಮುಖನಿಗೆ ಉಸಿರು ಕಟ್ಟಿತು, ನಾನು ಅಟ್ಟದಿಂದ ಇಳಿದೆ. ಮುಂದಿನ ಯುಗಾದಿಗೂ ಅದೇ ಮಾತು ಕೊಟ್ಟಳು. ಬೇವು ಬೆಲ್ಲದ ಬಟ್ಟಲು ತೊಳೆಯುವ ಮೊದಲೇ ಆಸ್ಪತ್ರೆಯಿಂದ ಆಪರೇಷನ್ನಿಗೆ ಕರೆ ಬಂತು. ಆ ಸಲ ಆಪರೇಷನ್ ಆಗಿಯೇ ಹೋಯಿತು. ಹುಡುಗ ಬದುಕಿದ. ಆದರೆ ಇಂಪನ ಪಾರ್ಕಿನ ಮಾತು ಎತ್ತುವುದನ್ನು ಬಿಟ್ಟಳು.

ಈ ಚಳಿಗಾಲದಲ್ಲಿ ಡಾಕ್ಟರು ಸುಮುಖನ ಎದೆಗೆ ಕಿವಿಯಿಟ್ಟ ಹಾಗೆ ಬಹಳ ಹೊತ್ತು ಪರೀಕ್ಷೆ ಮಾಡಿ, "ಇನ್ನು ಇವನೂ ಎಲ್ಲಾ ಮಕ್ಕಳ ಹಾಗೇ. ಓಡ್ಲಿ, ನೀರಲ್ಲಿ ಆಡ್ಲಿ," ಎಂದರು. ವಾಪಸು ಬರುವ ರೈಲಿನಲ್ಲಿ ವನಜಾಕ್ಷಿ ಗಂಡನ ಕಡೆ ತಿರುಗಿದಳು. "ಸ್ಕೂಲ್ ಪರೀಕ್ಷೆ ಮುಗಿದ ತಕ್ಷಣ ಇಂಪೀನ ಪಾರ್ಕಿಗೆ ಕರ್ಕೊಂಡು ಹೋಗ್ಬೇಕು. ಆದ್ರೆ ರೈಲು ಹತ್ತೋ ತನಕ ಅವಳಿಗೆ ಹೇಳೋದು ಬೇಡ. ಮತ್ತೆ ಹೇಳಿ ತಪ್ಪಿಸಿದ್ರೆ ಆ ಮುಖ ನೋಡಕ್ಕಾಗಲ್ಲ ನಂಗೆ."

"ಹಂಗಾದ್ರೆ ಇವನಿಗೂ ಹೇಳ್ಬೇಡ," ಎಂದ ಪ್ರಸಾದ, ತೊಡೆಯ ಮೇಲೆ ಮಲಗಿದ್ದ ಮಗನನ್ನು ನೋಡಿ. "ಇವನಿಗೆ ಹೇಳೋದೂ ಒಂದೇ, ಊರಲ್ಲಿ ಡಂಗೂರ ಹೊಡ್ಸೋದೂ ಒಂದೇ."

ಹೀಗೆ ಗುಟ್ಟಿನಲ್ಲೇ ಎಲ್ಲ ತಯಾರಿ ನಡೆಯಿತು. ಬೀದಿಯ ಹೊಂಗೆ ಮರ ಹೂ ಉದುರಿಸಿ ನೆಲವೆಲ್ಲ ಬಿಳುಪಾಗಿತ್ತು. ವನಜಾಕ್ಷಿ ಮೊದಲು ನನ್ನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟಳು. ಆಮೇಲೆ ಕೆಲಸದ ನಡುನಡುವೆ ತುಂಬತೊಡಗಿದಳು. ಕುಕ್ಕರಿಗೆ ಬೇಳೆ ಇಟ್ಟು ಬಂದು ಎರಡು ಟವೆಲು. ಬಟ್ಟೆ ಒಣಹಾಕಿ ಬಂದು ಸಾಬೂನು, ಬಾಚಣಿಗೆ. ಪಾರ್ಕಿನ ನೀರಿಗೆ ನೈಲಾನ್ ಬಟ್ಟೆಯೇ ಬೇಕೆಂದು ಯಾರೋ ಹೇಳಿದ್ದರು. ಇಂಪನಳಿಗೆಂದು ನೀಲಿ ಬಣ್ಣದ ಈಜುಡುಗೆ ತಂದು ನನ್ನ ಒಳಜೇಬಿನಲ್ಲಿ ಅಡಗಿಸಿದಳು. ಅವಳು ಶಾಲೆಗೆ ಹೋದ ಮೇಲೆ ಅದನ್ನು ಹೊರತೆಗೆದು ಅವಳ ಫ್ರಾಕಿನ ಮೇಲೆ ಹಾಸಿ ಅಳತೆ ನೋಡಿದಳು. ಪಕ್ಕದ ಬೀದಿಯ ಅಕ್ಕ ಕಮಲಾಕ್ಷಿ, ಅಂದರೆ ಇಂಪನಳ ದೊಡ್ಡಮ್ಮ, ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಆ ಫ್ರಾಕು ಈಗ ಅವಳಿಗೆ ಆಗಲ್ಲ ಕಣೇ," ಎಂದಳು ಅಕ್ಕ. "ಸಂಕ್ರಾಂತಿಗೇ ಬಿಗಿ ಆಗಿತ್ತು. ಇದು ಚಿಕ್ಕದಾಯ್ತು, ಬದಲಾಯ್ಸು."

ವನಜಾಕ್ಷಿ ಈಜುಡುಗೆಯನ್ನು ಮಡಿಸಿದಳು. ಮತ್ತೆ ಬಿಡಿಸಿದಳು. "ನನ್ನ ಮಗಳ ಅಳತೆ ನಿಂಗೆ ಗೊತ್ತು, ನಂಗೆ ಗೊತ್ತಿಲ್ಲ ನೋಡಕ್ಕ," ಎಂದಳು. ಅವಳ ದನಿ ಕೇಳಿ ಕಮಲಾಕ್ಷಿ ಬೇಗ ಮಾತು ತಿರುಗಿಸಿದಳು.

"ಅದಿರ್ಲಿ, ನಿಮ್ಮ ಯಜಮಾನ್ರೂ ನೈಲಾನ್ ಚಡ್ಡಿ ಹಾಕ್ತಾರೇನೇ? ಮಂಡಿ ಜನ ನೋಡಿದ್ರೆ ಕೊಬ್ಬರಿ ಬಿಟ್ಟು ಇವರನ್ನೇ ಹರಾಜು ಕೂಗ್ತಾರೆ."

ಇಬ್ಬರೂ ನಗುತ್ತಿರುವಾಗ ಇಂಪನ ಪರೀಕ್ಷೆ ಮುಗಿಸಿ ಬಂದಳು. ನಗು ನಿಂತಿತು. ಈಜುಡುಗೆ ನನ್ನೊಳಗೆ ಹೋಯಿತು, ಜಿಪ್ಪು ಸರ್ರೆಂದಿತು. ಹುಡುಗಿ ಅಮ್ಮನ ಮುಖ ನೋಡಿದಳು, ದೊಡ್ಡಮ್ಮನ ಮುಖ ನೋಡಿದಳು, ಚಪ್ಪಲಿ ಬಿಟ್ಟು ಒಳಗೆ ಹೋದಳು.

ಹಿಂದೆಯೂ ಹೀಗೇ ಆಗುತ್ತಿತ್ತು. ತಾನು ಬಂದೊಡನೆ ಮಾತು ನಿಲ್ಲುವುದು, ದೊಡ್ಡಮ್ಮ ಮೇಲಿಂದ ಮೇಲೆ ಮನೆಗೆ ಬರುವುದು, ಅಮ್ಮ ಅನ್ನಕ್ಕೆ ಒಂದು ಚಮಚ ತುಪ್ಪ ಜಾಸ್ತಿ ಹಾಕುವುದು, ಕೂರಿಸಿಕೊಂಡು ತಲೆಗೆ ಎಣ್ಣೆ ತಿಕ್ಕುವುದು. ಬಿಟ್ಟುಹೋಗುವ ಮುಂಚೆ ಅಮ್ಮ ಇನ್ನಷ್ಟು ಒಳ್ಳೆಯವಳಾಗುತ್ತಾಳೆ ಎಂದು ಆ ಮಗು ಕಂಡುಕೊಂಡಿತ್ತು. ವನಜಾಕ್ಷಿ ಹಳೆಯ ತಪ್ಪನ್ನು ತೊಳೆದುಕೊಳ್ಳಲೆಂದು ಎಣ್ಣೆ ತಿಕ್ಕಿದಷ್ಟೂ ಇಂಪನಳ ಕುತ್ತಿಗೆ ಬಿಗಿಯಾಗುತ್ತಿತ್ತು. ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ.

ನನಗೂ ವಯಸ್ಸಾಯಿತು. ಅಡಿಯ ರಟ್ಟು ಮುರಿದಿದೆ. ಒಂದು ಹಿಡಿಗೆ ಚಪ್ಪಲಿ ಹೊಲಿಯುವವನು ಹಾಕಿದ ಕಪ್ಪು ಚರ್ಮದ ಪಟ್ಟಿ ಇದೆ. ಮುಂದೆ ಒಂದು ದಿನ ನನ್ನೊಳಗೆ ಹಳೆ ರಗ್ಗು ತುಂಬಿ ಅಟ್ಟದ ಮೂಲೆಗೆ ತಳ್ಳುತ್ತಾರೆ, ಅದಕ್ಕೆ ಬೇಸರವಿಲ್ಲ. ಒಂದು ಮಗು ನನ್ನನ್ನು ಕಂಡರೆ ಬಾಗಿಲಲ್ಲೇ ನಿಂತುಬಿಡುತ್ತದೆಯಲ್ಲ, ಅದನ್ನು ಹೊತ್ತುಕೊಂಡು ಮೂಲೆ ಸೇರುವುದು ಮಾತ್ರ ನನಗೆ ಬೇಡವಾಗಿತ್ತು.

ಹೊರಡುವ ಬೆಳಿಗ್ಗೆ ಬಂತು. ಕಮಲಾಕ್ಷಿ ಬೇಗನೆ ಬಂದಳು. ಅವಳು ಬಂದದ್ದು ಮನೆಯ ಬೀಗದ ಕೈ ಇಸಿದುಕೊಳ್ಳಲು. ಪ್ರಸಾದ ಆಟೋ ತಂದು ನಿಲ್ಲಿಸಿದ. ಸುಮುಖ ಯಾರೂ ಹೇಳುವ ಮೊದಲೇ ಹತ್ತಿ ಕೂತ. ವನಜಾಕ್ಷಿ ನೀರಿನ ಬಾಟಲಿ ಇಡಲು ನನ್ನ ಜಿಪ್ಪು ತೆಗೆದಳು. ಟವೆಲುಗಳ ಮೇಲೆ ಸುಮುಖನ ಹಳದಿ ಆಟದ ಲಾರಿ ಇತ್ತು.

"ಇದ್ಯಾರು ಇಟ್ಟಿದ್ದು?"

"ನಾನೇ," ಎಂದಿತು ಹೊರಗಿನಿಂದ ಇಂಪನಳ ದನಿ. "ಸೂಜಿ ಚುಚ್ಚೋವಾಗ ಅಳ್ತಾನಲ್ಲ. ಆವಾಗ ಕೊಡು."

ವನಜಾಕ್ಷಿ ನನ್ನನ್ನು ಹಿಡಿದುಕೊಂಡೇ ಹೊರಗೆ ಬಂದಳು. ಇಂಪನ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು ಕೂತಿದ್ದಳು. ಮಡಿಲಲ್ಲಿ ಬಟ್ಟೆಯಂಗಡಿಯ ಕವರು. ಅದರಲ್ಲಿ ಎರಡು ಫ್ರಾಕು, ಹಲ್ಲುಜ್ಜುವ ಬ್ರಷ್ಷು, ಬಣ್ಣದ ಪೆನ್ಸಿಲು. ಒಂದು ಕೈ ದೊಡ್ಡಮ್ಮನ ಸೆರಗು ಹಿಡಿದಿತ್ತು.

"ಎಲ್ಲಾ ಇಟ್ಕೊಂಡಿದೀನಿ," ಎಂದಳು. "ದೊಡ್ಡಮ್ಮಂಗೆ ಏನೂ ತೊಂದ್ರೆ ಕೊಡಲ್ಲ."

ನಾನು ವನಜಾಕ್ಷಿಯ ಕೈಯಿಂದ ಜಾರಿ ಮೆಟ್ಟಿಲಿಗೆ ಬಿದ್ದೆ. ಅವಳು ನನ್ನ ಪಕ್ಕದಲ್ಲೇ ಕೂತಳು. ಕಮಲಾಕ್ಷಿ ಸೆರಗನ್ನು ಬಿಡಿಸಿಕೊಳ್ಳಲಿಲ್ಲ. ಮುಖ ಬೀದಿ ಕಡೆ ತಿರುಗಿಸಿಕೊಂಡಳು.

"ಇಷ್ಟು ದಿನ ನೋಡ್ತಾನೇ ಇದ್ದೆಯಲ್ಲೇ," ಎಂದಳು ವನಜಾಕ್ಷಿ. "ಯಾಕೆ ಒಂದು ಮಾತೂ ಕೇಳ್ಲಿಲ್ಲ ಮಗಳೇ?"

"ಹೊರಡೋವಾಗ ಕೇಳಬಾರ್ದು," ಎಂದಳು ಇಂಪನ. "ಕೇಳಿದ್ರೆ ಆಪರೇಷನ್ ಆಗಲ್ಲ."

ಆಟೋದವನು ಹಾರ್ನ್ ಹೊಡೆದ. "ಅಕ್ಕಾ, ರೈಲಿಗೆ ಹೊತ್ತಾಯ್ತು."

"ಇರಪ್ಪ. ಇದು ಹೋದ್ರೆ ಇನ್ನೊಂದು ಬರುತ್ತೆ." ವನಜಾಕ್ಷಿ ಮಗಳ ಎರಡೂ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಅವತ್ತು ಪಾಪುಗೆ ಜ್ವರ ಬಂದಿತ್ತು, ಅದಕ್ಕೆ ಆಪರೇಷನ್ ಆಗ್ಲಿಲ್ಲ. ನೀನು ಕೇಳಿದ್ದಕ್ಕಲ್ಲ. ಗದರಿದ್ದು ನನ್ನ ತಪ್ಪು. ಕೇಳು, ಈಗ ಕೇಳು. ಏನೂ ಕೆಡಲ್ಲ."

ಇಂಪನ ನನ್ನ ಕಡೆ ನೋಡಿದಳು. ಆಟೋದೊಳಗೆ ಕಾಲು ಆಡಿಸುತ್ತಿದ್ದ ತಮ್ಮನನ್ನು ನೋಡಿದಳು. ಕವರಿನ ಬಾಯನ್ನು ಇನ್ನಷ್ಟು ಬಿಗಿಯಾಗಿ ಮುದುರಿದಳು. ತಾಯಿ ಕಾದಳು. ನಾವೆಲ್ಲರೂ ಕಾದೆವು.

"ಅಮ್ಮಾ," ಎಂದಳು ಕೊನೆಗೆ. "ಈ ಸಲ ನಾನೂ ಬರ್ಲಾ?"